ಪಿಡುಗಿನ ಕಾಲದ ನ್ಯಾಯ: ಹಿಜರಿ 18ರಿಂದ ನಮ್ಮೂರ ಠಾಣೆಯವರೆಗೆ

ಹಿಜರಿ 18ನೆಯ ವರ್ಷ, ಅಂದರೆ ಕ್ರಿ.ಶ. 639, ಮುಸ್ಲಿಮರ ಪಾಲಿಗೆ ಎರಡು ಕಡೆಯಿಂದ ಸಂಕಟ ಬಂದ ವರ್ಷ. ಮದೀನಾ ಮತ್ತು ಸುತ್ತಲಿನ ಹಿಜಾಝ್ ಪ್ರದೇಶದಲ್ಲಿ ಮಳೆ ಇಲ್ಲದೆ ನೆಲ ಬೂದಿಯ ಬಣ್ಣಕ್ಕೆ ತಿರುಗಿತ್ತು. ಆ ಬರಗಾಲವನ್ನು ಇತಿಹಾಸಕಾರರು 'ಆಮುರ್ರಮಾದಾ', ಅಂದರೆ ಬೂದಿಯ ವರ್ಷ ಎಂದು ಕರೆದರು. ಅತ್ತ ಶಾಮ್ ಪ್ರಾಂತದಲ್ಲಿ, ಜೆರುಸಲೇಮ್ ಮತ್ತು ರಮ್ಲಾ ನಡುವಿನ ಅಮ್ವಾಸ್ ಎಂಬ ಊರಿನಲ್ಲಿ ಪ್ಲೇಗ್ ಕಾಣಿಸಿಕೊಂಡು ಸೇನಾ ಶಿಬಿರಗಳಿಗೆ ಹಬ್ಬಿತು. ಹ. ಅಬೂ ಉಬೈದಾ(ರ), ಹ. ಮುಆದ್ ಬಿನ್ ಜಬಲ್(ರ) ಅವರಂಥ ಹಿರಿಯ ಸಹಾಬಿಗಳೇ ಅದರಲ್ಲಿ ತೀರಿಕೊಂಡರು. ಸತ್ತವರ ಸಂಖ್ಯೆಯನ್ನು ಹಳೆಯ ಇತಿಹಾಸಕಾರರು 25,000 ಎಂದು ಬರೆದಿದ್ದಾರೆ. ಒಂದು ಕಡೆ ಹಸಿವು, ಇನ್ನೊಂದು ಕಡೆ ರೋಗ. ಎರಡರ ಹೊಣೆಯೂ ಖಲೀಫಾ ಹ. ಉಮರ್(ರ) ಅವರ ಹೆಗಲ ಮೇಲೆ ಬಿತ್ತು.

ಆ ಕಾಲದಲ್ಲಿ ಅವರು ಮಾಡಿದ ಒಂದು ಕೆಲಸ ನಮಗೆಲ್ಲ ಗೊತ್ತಿದೆ. ಶಾಮಿಗೆ ಹೊರಟಿದ್ದ ಅವರು ಸರ್ಗ್ ಎಂಬಲ್ಲಿಗೆ ಬಂದಾಗ ರೋಗದ ಸುದ್ದಿ ತಿಳಿಯಿತು. ಮುಹಾಜಿರರನ್ನು ಕೇಳಿದರು, ಅನ್ಸಾರರನ್ನು ಕೇಳಿದರು, ಕುರೈಶರ ಹಿರಿಯರನ್ನು ಕೇಳಿದರು, ಕೊನೆಗೆ ಹಿಂದಿರುಗುವ ತೀರ್ಮಾನ ಮಾಡಿದರು. ಅಲ್ಲಾಹನ ವಿಧಿಯಿಂದ ಓಡಿಹೋಗುವುದೇ ಎಂದು ಹ. ಅಬೂ ಉಬೈದಾ(ರ) ಕೇಳಿದಾಗ, ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ ಎಂಬ ಅರ್ಥದಲ್ಲಿ ಉತ್ತರಿಸಿದರು. ಆಮೇಲೆ ಹ. ಅಬ್ದುರ್ರಹ್ಮಾನ್ ಬಿನ್ ಔಫ್(ರ) ಬಂದು, ರೋಗವಿರುವ ಊರಿಗೆ ಹೋಗಬೇಡಿ, ನೀವಿರುವ ಊರಿಗೆ ರೋಗ ಬಂದರೆ ಅಲ್ಲಿಂದ ಓಡಬೇಡಿ ಎಂಬ ಪ್ರವಾದಿ(ಸ)ಯವರ ಬೋಧನೆಯನ್ನು ತಿಳಿಸಿದರು. 2020ರಲ್ಲಿ ಮಸೀದಿಗಳ ಬಾಗಿಲು ಮುಚ್ಚಿದಾಗ ಉಲಮಾಗಳು ಮತ್ತೆ ಮತ್ತೆ ನೆನಪಿಸಿದ್ದು ಈ ಹದೀಸನ್ನೇ. ನಾವೂ ಅದನ್ನು ಪಾಲಿಸಿದೆವು. ಆ ವರ್ಷದ ರಮಝಾನಿನ ತರಾವೀಹ್ ಮನೆಯಲ್ಲೇ ಆಯಿತು, ಈದ್ ನಮಾಝೂ ಮನೆಯಲ್ಲೇ ಆಯಿತು.

ಆದರೆ ಅದೇ ಅವಧಿಯಲ್ಲಿ ಹ. ಉಮರ್(ರ) ಮಾಡಿದ ಇನ್ನೆರಡು ಕೆಲಸಗಳಿವೆ. ಅವೆರಡೂ ನ್ಯಾಯಕ್ಕೆ ಸಂಬಂಧಿಸಿದವು, ಮತ್ತು ಅವು ನಮ್ಮ ಮಾತುಗಳಲ್ಲಿ ಅಷ್ಟಾಗಿ ಬರಲಿಲ್ಲ.

ಒಂದು: ಬರಗಾಲದ ವರ್ಷ ಅವರು ಕಳ್ಳತನದ ಹದ್ದ್ ಶಿಕ್ಷೆಯನ್ನು ಜಾರಿ ಮಾಡಲಿಲ್ಲ. ಝಕಾತ್ ವಸೂಲಿಯನ್ನೂ ಮುಂದಕ್ಕೆ ಹಾಕಿದರು. ಕಾನೂನನ್ನು ಅವರು ಬದಲಿಸಿರಲಿಲ್ಲ. ಹಸಿದವನು ರೊಟ್ಟಿಗೆ ಕೈ ಹಾಕಿದರೆ ಅದು ಅಪರಾಧವೋ ಅನಿವಾರ್ಯವೋ ಎಂಬ ಸಂದೇಹ ಉಳಿಯುತ್ತದೆ, ಸಂದೇಹವಿರುವಲ್ಲಿ ಹದ್ದ್ ನಿಲ್ಲುವುದಿಲ್ಲ ಎಂದು ಫಿಕ್ಹ್ ವಿದ್ವಾಂಸರು ಇದನ್ನು ವಿವರಿಸಿದ್ದಾರೆ. ಅವರ ಆಡಳಿತದ ಇನ್ನೊಂದು ಪ್ರಕರಣವೂ ಇದನ್ನೇ ಹೇಳುತ್ತದೆ. ಹಾತಿಬ್ ಎಂಬವರ ಗುಲಾಮರು ಮುಝೈನಾ ಗೋತ್ರದ ಒಬ್ಬರ ಒಂಟೆಯನ್ನು ಕದ್ದು ಕೊಯ್ದು ತಿಂದರು. ಮಾಲೀಕ ಅವರನ್ನು ಉಪವಾಸ ಕೆಡವಿದ್ದಾನೆಂದು ಕಂಡ ಉಮರ್(ರ), ಗುಲಾಮರ ಶಿಕ್ಷೆ ತಡೆದು, ಒಂಟೆಯ ಬೆಲೆಯಾದ 400 ದಿರ್ಹಮಿಗೆ ಎರಡರಷ್ಟು, ಅಂದರೆ 800 ದಿರ್ಹಮನ್ನು ಮಾಲೀಕನಿಂದಲೇ ಕೊಡಿಸಿದರು. ಕದ್ದ ಕೈಯ ಹಿಂದೆ ಉಪವಾಸ ಕೆಡವಿದ ಕೈಯೂ ಇತ್ತೆಂಬುದನ್ನು ಅವರು ನೋಡಿದರು.

ಇನ್ನೊಂದು: ಪ್ಲೇಗ್ ಇಳಿದ ಮೇಲೆ ಅವರು ಸ್ವತಃ ಶಾಮಿಗೆ ಹೋದರು. ಸಾವಿರಾರು ಜನ ಒಟ್ಟೊಟ್ಟಿಗೆ ಸತ್ತಿದ್ದರಿಂದ ಯಾರ ಆಸ್ತಿ ಯಾರಿಗೆ ಎಂಬುದು ಕಗ್ಗಂಟಾಗಿತ್ತು. ಮೃತರ ವಾರಸುದಾರರನ್ನು ಗುರುತಿಸಿ, ಆಸ್ತಿ ಹಂಚಿ, ತೆರವಾದ ಜಾಗಗಳಿಗೆ ಅಧಿಕಾರಿಗಳನ್ನು ನೇಮಿಸಿ ಅವರು ಮದೀನಾಕ್ಕೆ ಮರಳಿದರು. ರೋಗ ಹೋಯಿತು, ಇನ್ನು ನಮ್ಮ ಕೆಲಸ ಮುಗಿಯಿತು ಎಂದು ಅವರು ಕೂರಲಿಲ್ಲ. ವಿಧವೆಯ ಮತ್ತು ಅನಾಥ ಮಕ್ಕಳ ಪಾಲು ಕೈಗೆ ಸೇರುವವರೆಗೆ ಪಿಡುಗು ಮುಗಿದಂತಲ್ಲ ಎಂಬುದನ್ನು ನಡೆದು ತೋರಿಸಿದರು.

ಈ ಎರಡು ಕೆಲಸಗಳನ್ನು ಮುಂದಿಟ್ಟುಕೊಂಡು, ಪಿಡುಗುಗಳು ಬಂದಾಗ ಲೋಕದಲ್ಲಿ ನ್ಯಾಯ ಹೇಗೆ ನಡೆಯಿತು ಎಂಬುದನ್ನು ನೋಡೋಣ.

ಡಮಾಸ್ಕಸ್ ಮತ್ತು ಸ್ಟ್ರಾಸ್‌ಬರ್ಗ್

1348ರಲ್ಲಿ ಮಹಾ ಪ್ಲೇಗ್ ಮುಸ್ಲಿಂ ನಾಡುಗಳನ್ನೂ ಯುರೋಪನ್ನೂ ಒಟ್ಟಿಗೇ ಹೊಕ್ಕಿತು. ಇತಿಹಾಸ ಶಾಸ್ತ್ರದ ದೊಡ್ಡ ಹೆಸರಾದ ಇಬ್ನ್ ಖಲ್ದೂನ್ ತನ್ನ ತಂದೆತಾಯಿಯನ್ನು ಕಳೆದುಕೊಂಡದ್ದು ಇದೇ ರೋಗದಲ್ಲಿ. ಆ ವರ್ಷ ಡಮಾಸ್ಕಸ್‌ನಲ್ಲಿದ್ದ ಪ್ರವಾಸಿ ಇಬ್ನ್ ಬತೂತಾ ಅಲ್ಲಿನ ಒಂದು ದೃಶ್ಯವನ್ನು ದಾಖಲಿಸಿದ್ದಾನೆ. ಊರಿನವರು ಮೂರು ದಿನ ಉಪವಾಸವಿದ್ದು, ಬಳಿಕ ಬರಿಗಾಲಲ್ಲಿ ಊರ ಹೊರಗಿನ ಮಸೀದಿಯತ್ತ ನಡೆದರು. ಮುಸ್ಲಿಮರ ಕೈಯಲ್ಲಿ ಕುರ್‌ಆನ್ ಇತ್ತು. ಯಹೂದಿಗಳು ತೌರಾತನ್ನು, ಕ್ರೈಸ್ತರು ಇಂಜೀಲನ್ನು ಹಿಡಿದು ಜೊತೆಗೂಡಿದ್ದರು. ಎಲ್ಲರೂ ಒಂದೇ ಸಂಕಟಕ್ಕೆ ಒಬ್ಬನೇ ಪ್ರಭುವಿನ ಮುಂದೆ ಅತ್ತರು.

ಅದೇ ಕಾಲಕ್ಕೆ ಯುರೋಪಿನಲ್ಲಿ ನಡೆದದ್ದು ಬೇರೆ. ಯಹೂದಿಗಳು ಬಾವಿಗಳಿಗೆ ವಿಷ ಹಾಕಿದ್ದರಿಂದಲೇ ರೋಗ ಬಂದಿದೆ ಎಂಬ ಸುದ್ದಿ ಹಬ್ಬಿತು. ಸವಾಯ್ ಸೀಮೆಯ ಶಿಲ್ಲೋನ್ ಕೋಟೆಯಲ್ಲಿ 1348ರಲ್ಲಿ ಕೆಲವು ಯಹೂದಿಗಳನ್ನು ಹಿಂಸಿಸಿ ತಪ್ಪೊಪ್ಪಿಗೆ ಪಡೆಯಲಾಯಿತು. ಆ ತಪ್ಪೊಪ್ಪಿಗೆಯ ಪ್ರತಿಗಳು ಊರೂರಿಗೆ ಹೋದವು. 1349ರ ಫೆಬ್ರವರಿ 14ರಂದು ಸ್ಟ್ರಾಸ್‌ಬರ್ಗ್ ಪಟ್ಟಣದಲ್ಲಿ ನೂರಾರು ಯಹೂದಿಗಳನ್ನು ಸುಟ್ಟು ಕೊಂದರು. ಯಹೂದಿಗಳೂ ಇದೇ ರೋಗದಿಂದ ಸಾಯುತ್ತಿದ್ದಾರಲ್ಲ, ಅವರು ತಮಗೇ ವಿಷ ಹಾಕಿಕೊಳ್ಳುತ್ತಾರೆಯೇ ಎಂಬ ಸರಳ ತರ್ಕವನ್ನು ಪೋಪ್ ಆರನೆಯ ಕ್ಲೆಮೆಂಟ್ ತನ್ನ ಆದೇಶಗಳಲ್ಲಿ ಮುಂದಿಟ್ಟಿದ್ದ. ಕೇಳುವವರಿರಲಿಲ್ಲ.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಸ್ಟ್ರಾಸ್‌ಬರ್ಗ್‌ನ ಕೊಲೆಗೆ ಮೊದಲು ಒಂದು ವಿಚಾರಣೆ ನಡೆದಿತ್ತು, ದಾಖಲೆಯಿತ್ತು, ತಪ್ಪೊಪ್ಪಿಗೆಯಿತ್ತು. ಗುಂಪಿನ ಸಿಟ್ಟಿಗೆ ನ್ಯಾಯದ ವೇಷ ತೊಡಿಸಲಾಗಿತ್ತು. ಜನ ಭಯಗೊಂಡಾಗ ಅಪರಾಧಿಯೊಬ್ಬ ಬೇಕಾಗುತ್ತಾನೆ. ಸಾಕ್ಷಿ ಸಿಗದಿದ್ದರೆ ಸಾಕ್ಷಿಯನ್ನೇ ತಯಾರಿಸುತ್ತಾರೆ.

ಒಂದು ಪುಟದ ಕಾಯ್ದೆ

ನಮ್ಮ ದೇಶಕ್ಕೆ ಬರೋಣ. 1896ರಲ್ಲಿ ಮುಂಬಯಿಯ ಮಾಂಡವಿ ಬಂದರಿನ ಬಳಿ ಪ್ಲೇಗ್ ಕಾಣಿಸಿತು. 1897ರ ಫೆಬ್ರವರಿ 4ರಂದು ಬ್ರಿಟಿಷ್ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನು ತಂದಿತು. ಮುದ್ರಿಸಿದರೆ ಒಂದು ಪುಟವನ್ನೂ ದಾಟದ ಚಿಕ್ಕ ಕಾಯ್ದೆ ಅದು. ರೋಗ ತಡೆಗೆ ಸರ್ಕಾರ ಯಾವ ನಿಯಮವನ್ನಾದರೂ ಮಾಡಬಹುದು, ಮೀರಿದವರಿಗೆ ಭಾರತೀಯ ದಂಡ ಸಂಹಿತೆಯ 188ನೆಯ ಕಲಮಿನ ಶಿಕ್ಷೆ, ಕಾಯ್ದೆಯಡಿ ಸದುದ್ದೇಶದಿಂದ ಕೆಲಸ ಮಾಡಿದ ಅಧಿಕಾರಿಯ ಮೇಲೆ ದಾವೆ ಹೂಡುವಂತಿಲ್ಲ, ಹೂರಣ ಇಷ್ಟೇ. ರೋಗಿಗೆ ಯಾವ ಹಕ್ಕಿದೆ ಎಂಬ ಬಗ್ಗೆ ಅದರಲ್ಲಿ ಒಂದು ಅಕ್ಷರವೂ ಇರಲಿಲ್ಲ.

ಅದರಿಂದಾಗಿ ನಿನ್ನೆಯವರೆಗೆ ತಪ್ಪಲ್ಲದ್ದು ಇವತ್ತು ಅಪರಾಧವಾಯಿತು. ಜ್ವರ ಬಂದ ಮಗಳನ್ನು ಮನೆಯಲ್ಲೇ ಇಟ್ಟುಕೊಳ್ಳುವುದು ಅಪರಾಧ, ಹೇಳದೆ ಪ್ರಯಾಣ ಮಾಡುವುದು ಅಪರಾಧ. ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್ ಸೈನಿಕರನ್ನು ಮನೆಗಳೊಳಗೆ ನುಗ್ಗಿಸಿ ಶೋಧ ಮಾಡಿಸಿದ. 1897ರ ಜೂನ್ 22ರಂದು ಚಾಪೇಕರ್ ಸಹೋದರರು ಅವನ ಮೇಲೆ ಗುಂಡು ಹಾರಿಸಿದರು; ಅವನು ಬದುಕಲಿಲ್ಲ. ಅದೇ ವರ್ಷ ಪತ್ರಿಕೆಯ ಬರಹಗಳಿಗಾಗಿ ಬಾಲ ಗಂಗಾಧರ ತಿಲಕರಿಗೆ ರಾಜದ್ರೋಹದ ಆರೋಪದಲ್ಲಿ 18 ತಿಂಗಳ ಸೆರೆವಾಸವಾಯಿತು. 1898ರ ಮಾರ್ಚ್ 9ರಂದು ಮುಂಬಯಿಯ ಮುಸ್ಲಿಂ ನೇಕಾರರ ಕೇರಿಯಲ್ಲಿ, ಕಾಯಿಲೆ ಬಿದ್ದ ಹುಡುಗಿಯೊಬ್ಬಳನ್ನು ಶೋಧ ತಂಡ ಎತ್ತಿಕೊಂಡು ಹೋಗಲು ಬಂದಾಗ ಜನ ತಿರುಗಿ ಬಿದ್ದರು. ಪೊಲೀಸರು ಗುಂಡು ಹಾರಿಸಿದರು. ಅದೇ ವರ್ಷ ಮೈಸೂರು ಸಂಸ್ಥಾನದಲ್ಲೂ ಶ್ರೀರಂಗಪಟ್ಟಣದ ಬಳಿಯ ಗಂಜಾಂನಲ್ಲಿ ಪ್ಲೇಗ್ ಗಲಭೆಯಾಯಿತು. 1900ರಲ್ಲಿ ಕಾನ್ಪುರದಲ್ಲಿ ಪ್ಲೇಗ್ ಶಿಬಿರಕ್ಕೆ ಬೆಂಕಿ ಬಿತ್ತು.

ನಮ್ಮ ಸೀಮೆ ಆಗ ಎರಡು ಬ್ರಿಟಿಷ್ ಪ್ರಾಂತಗಳ ನಡುವೆ ಸಿಕ್ಕಿತ್ತು. ಕೊಪ್ಪಳ, ಯಲಬುರ್ಗಾ ಭಾಗಗಳು ನಿಜಾಮರ ಹೈದರಾಬಾದ್ ಸಂಸ್ಥಾನದೊಳಗೆ ಸಾಲಾರ್ ಜಂಗ್ ಮನೆತನದ ಜಹಗೀರಾಗಿದ್ದವು. ರೈಲಿನಲ್ಲಿ ಪಡುವಣಕ್ಕೆ ಗದಗ, ಹುಬ್ಬಳ್ಳಿಗೆ ಹೋದರೆ ಮುಂಬಯಿ ಪ್ರಾಂತ. ಮೂಡಣಕ್ಕೆ ತುಂಗಭದ್ರೆ ದಾಟಿ ಹೊಸಪೇಟೆಗೆ ಹೋದರೆ ಮದ್ರಾಸ್ ಪ್ರಾಂತ. ಮದ್ರಾಸಿನವರು 'ಪ್ಲೇಗ್ ಪಾಸ್‌ಪೋರ್ಟ್' ಪದ್ಧತಿ ತಂದಿದ್ದರು. ರೋಗವಿರುವ ಸೀಮೆಯಿಂದ ಬಂದವನು ಚೀಟಿ ಪಡೆದು, ಹತ್ತು ದಿನ ಅಧಿಕಾರಿಯ ಮುಂದೆ ಹಾಜರಾಗಿ ತಪಾಸಣೆಗೆ ಒಳಗಾಗಬೇಕಿತ್ತು. ದುಡಿಯಲು ಊರೂರು ತಿರುಗುವ ಬಡವನಿಗೆ ಹತ್ತು ದಿನದ ಹಾಜರಿಯೆಂದರೆ ಹತ್ತು ದಿನದ ಕೂಲಿ ಹೋದಂತೆ. ಇತ್ತ ಹಳ್ಳಿಗಳಲ್ಲಿ ಜನ ಊರನ್ನೇ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡರು. ಆ ಕಾಲದ ಮಾತು ಎಷ್ಟೋ ಮನೆಗಳಲ್ಲಿ ಅಜ್ಜ ಅಜ್ಜಿಯರ ಬಾಯಿಂದ ಇತ್ತೀಚಿನವರೆಗೂ ಕೇಳಿಬರುತ್ತಿತ್ತು.

ಬಲಪ್ರಯೋಗದಿಂದ ರೋಗ ನಿಲ್ಲಲಿಲ್ಲ. ರೋಗಿಗಳು ಅಡಗಿದರು, ಸಾವುಗಳು ಅಡಗಿದವು. ಸರ್ಕಾರವೇ ಕೊನೆಗೆ ದಾರಿ ಬದಲಿಸಿತು. ಮುಂಬಯಿಯಲ್ಲಿ ಆಯಾ ಸಮುದಾಯದವರೇ ನಡೆಸುವ ಪ್ಲೇಗ್ ಆಸ್ಪತ್ರೆಗಳಿಗೆ ಅವಕಾಶ ಕೊಟ್ಟಿತು, ಮುಸ್ಲಿಮರ ಆಸ್ಪತ್ರೆಯೂ ಅದರಲ್ಲಿತ್ತು. ಹುಬ್ಬಳ್ಳಿ, ಧಾರವಾಡಗಳಲ್ಲಿ ಹಾಫ್‌ಕಿನ್ ಕಂಡುಹಿಡಿದ ಲಸಿಕೆಯನ್ನು ಸಾವಿರಾರು ಜನ ಹಾಕಿಸಿಕೊಂಡರು. ಲಾಠಿಯಿಂದ ಆಗದ ಕೆಲಸ ಊರ ಹಿರಿಯರ ಮಾತಿನಿಂದ ಆಗುತ್ತದೆ ಎಂಬುದು ಆ ಹೊತ್ತಿಗೆ ಆಡಳಿತಕ್ಕೆ ತಿಳಿದಿತ್ತು.

1918ರ ಇನ್‌ಫ್ಲುಯೆಂಝಾ ಕಾಲದಲ್ಲಿ ಇನ್ನೊಂದು ಮುಖ ಕಂಡಿತು. ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನ ಸತ್ತರು. ಅದೇ ವರ್ಷ ಮಳೆಯೂ ಕೈಕೊಟ್ಟು, ಕಾಳಿನ ಬೆಲೆ ಏರಿ, ಮದ್ರಾಸ್ ಪ್ರಾಂತದ ಪೇಟೆಗಳಲ್ಲಿ ಕಾಳಿನಂಗಡಿಗಳ ಲೂಟಿ ನಡೆಯಿತು. ಲೂಟಿ ಮಾಡಿದವರು ಜೈಲಿಗೆ ಹೋದರು. ಬೂದಿಯ ವರ್ಷದಲ್ಲಿ ಹ. ಉಮರ್(ರ) ಕೇಳಿದ ಪ್ರಶ್ನೆಯನ್ನು, ಈ ಕೈ ಏಕೆ ಕದ್ದಿತು ಎಂಬುದನ್ನು, ಅಲ್ಲಿ ಕೇಳಿದವರು ಕಡಿಮೆ.

2020: ಹಳೆಯ ಕಾಯ್ದೆ, ಹೊಸ ಅಪರಾಧಿಗಳು

2020ರ ಮಾರ್ಚ್ 10ರಂದು ಕಲಬುರಗಿಯ ಹಿರಿಯರೊಬ್ಬರು ತೀರಿಕೊಂಡರು. ಕೋವಿಡ್‌ನಿಂದ ದೇಶದಲ್ಲಿ ಆದ ಮೊದಲ ಸಾವೆಂದು ದಾಖಲಾದದ್ದು ಅದು. ಮಾರ್ಚ್ 25ರಿಂದ ದೇಶವೆಲ್ಲ ಲಾಕ್‌ಡೌನ್ ಆಯಿತು. ಆಗ ಹೊರಬಂದದ್ದು ಅದೇ 1897ರ ಕಾಯ್ದೆ, ಅದೇ 188ನೆಯ ಕಲಮು. ಜೊತೆಗೆ 2005ರ ವಿಪತ್ತು ನಿರ್ವಹಣಾ ಕಾಯ್ದೆ. ಏಪ್ರಿಲ್‌ನಲ್ಲಿ ಕರ್ನಾಟಕ ಸರ್ಕಾರ ತನ್ನದೇ ಸಾಂಕ್ರಾಮಿಕ ರೋಗಗಳ ಸುಗ್ರೀವಾಜ್ಞೆಯನ್ನೂ ತಂದಿತು.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕ ನೋಡಿದರೆ ಆ ವರ್ಷದ ಚಿತ್ರ ಸಿಗುತ್ತದೆ. 2019ರಲ್ಲಿ ದೇಶದಲ್ಲಿ ದಾಖಲಾದ ಅಪರಾಧಗಳು 51,56,158. 2020ರಲ್ಲಿ ಅದು 66,01,285ಕ್ಕೆ ಏರಿತು, ಅಂದರೆ ಶೇ. 28ರಷ್ಟು ಹೆಚ್ಚಳ. ಜನರೆಲ್ಲ ಮನೆಯೊಳಗಿದ್ದ ವರ್ಷದಲ್ಲಿ ಅಪರಾಧ ಹೆಚ್ಚಿದ್ದು ಹೇಗೆ? ಕಳವು, ದರೋಡೆಯಂಥ ಮಾಮೂಲಿ ಅಪರಾಧಗಳು ಸುಮಾರು ಎರಡು ಲಕ್ಷ ಕಡಿಮೆಯೇ ಆಗಿದ್ದವು. ಏರಿದ್ದು ಆದೇಶ ಮೀರಿದ ಪ್ರಕರಣಗಳು. 188ನೆಯ ಕಲಮಿನಡಿ 2019ರಲ್ಲಿ 29,469 ಪ್ರಕರಣಗಳಿದ್ದರೆ 2020ರಲ್ಲಿ 6,12,179. ಒಂದೇ ವರ್ಷದಲ್ಲಿ ಇಪ್ಪತ್ತು ಪಟ್ಟು! ಕಳ್ಳರು ಕಡಿಮೆಯಾದರು, 'ಅಪರಾಧಿಗಳು' ಹೆಚ್ಚಾದರು.

ಯಾರು ಈ ಅಪರಾಧಿಗಳು? ಅಂಗಡಿ ಬಾಗಿಲು ಅರ್ಧ ತೆರೆದವರು, ಬೈಕಿನಲ್ಲಿ ಔಷಧಿ ತರಲು ಹೋದವರು, ದುಡಿಯಲು ಹೋದ ಊರಿನಿಂದ ನಡೆದು ಬಂದವರು. ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳಿಂದ ಮಂಗಳೂರು, ಉಡುಪಿ, ಗೋವಾ, ಬೆಂಗಳೂರಿಗೆ ಗುಳೆ ಹೋಗುವ ಕುಟುಂಬಗಳು ಎಷ್ಟೆಂಬುದು ಬೇವೂರಿನಂಥ ಊರಿನವರಿಗೆ ಹೇಳಿಕೊಡಬೇಕಿಲ್ಲ. ಕಟ್ಟಡದ ಕೆಲಸ ನಿಂತ ದಿನವೇ ಕೂಲಿಯೂ ನಿಂತಿತು, ಇರಲು ಜಾಗವಿಲ್ಲ, ಬರಲು ಬಸ್ಸಿಲ್ಲ. ಮೇ ತಿಂಗಳ ಆರಂಭದಲ್ಲಿ ಕೇಂದ್ರದ ಪಟ್ಟಿಯಲ್ಲಿ ಕೊಪ್ಪಳ ಜಿಲ್ಲೆ ಹಸಿರು ವಲಯದಲ್ಲಿತ್ತು. ರೋಗವಿಲ್ಲದ ಊರಿಗೆ ಮರಳುವುದೇ ಅಪರಾಧವಾದ ದಿನಗಳವು. ಜೂನ್ 9ರಂದು ಸುಪ್ರೀಂ ಕೋರ್ಟ್, ಲಾಕ್‌ಡೌನ್ ಮೀರಿದ್ದಕ್ಕಾಗಿ ವಲಸೆ ಕಾರ್ಮಿಕರ ಮೇಲೆ ಹೂಡಿದ ಪ್ರಕರಣಗಳನ್ನು ಹಿಂಪಡೆಯುವ ಬಗ್ಗೆ ಯೋಚಿಸಿ ಎಂದು ರಾಜ್ಯಗಳಿಗೆ ಹೇಳಿತು. ಸುಮಾರು ಸಾವಿರದ ಮುನ್ನೂರ ಎಂಬತ್ತು ವರ್ಷಗಳ ಹಿಂದೆ ಬರಗಾಲದ ಮದೀನಾದಲ್ಲಿ ಆದ ತೀರ್ಮಾನದ ಹಿಂದಿದ್ದ ವಿವೇಕವೇ ಇದು.

ಪೊಲೀಸರ ಬಗ್ಗೆಯೂ ನ್ಯಾಯವಾಗಿ ಮಾತನಾಡಬೇಕು. ಕಳ್ಳರನ್ನು ಹಿಡಿಯಲು ತರಬೇತಿ ಪಡೆದವರ ಕೈಗೆ ರೋಗ ತಡೆಯುವ ಕೆಲಸ ಬಂದಿತು. ಬಿಸಿಲಿನಲ್ಲಿ ನಾಕಾಬಂದಿ ಕಾದವರು, ಅಜ್ಜಿಯರಿಗೆ ಮಾತ್ರೆ ತಲುಪಿಸಿದವರು, ಅದೇ ರೋಗ ತಗುಲಿ ಸತ್ತವರು ಅವರಲ್ಲಿದ್ದಾರೆ. ಆದರೆ ಅಧಿಕಾರಕ್ಕೆ ಎಲ್ಲೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ತಮಿಳುನಾಡಿನ ಸಾತ್ತಾನ್‌ಕುಳಂ ಸಾಕ್ಷಿ. ನಿಗದಿತ ಹೊತ್ತು ಮೀರಿ ಮೊಬೈಲ್ ಅಂಗಡಿ ತೆರೆದಿದ್ದರೆಂಬ ಆರೋಪದಲ್ಲಿ 2020ರ ಜೂನ್ 19ರಂದು ಠಾಣೆಗೆ ಹೋದ ತಂದೆ ಮತ್ತು ಮಗ ಇಬ್ಬರೂ ನಾಲ್ಕೇ ದಿನದೊಳಗೆ ತೀರಿಕೊಂಡರು. ಸಾಬೀತಾಗಿದ್ದರೂ ಸಣ್ಣ ದಂಡದಲ್ಲಿ ಮುಗಿಯಬೇಕಿದ್ದ ತಪ್ಪದು.

ನ್ಯಾಯಾಲಯಗಳೂ ಕದ ಮುಚ್ಚಿ ಕಂಪ್ಯೂಟರಿನ ಪರದೆಗೆ ಸರಿದವು. ಕಿಕ್ಕಿರಿದ ಜೈಲುಗಳಲ್ಲಿ ರೋಗ ಹಬ್ಬಬಾರದೆಂದು, ಏಳು ವರ್ಷದವರೆಗಿನ ಶಿಕ್ಷೆಯ ಪ್ರಕರಣಗಳ ಕೈದಿಗಳನ್ನು ಪೆರೋಲ್ ಅಥವಾ ಮಧ್ಯಂತರ ಜಾಮೀನಿನ ಮೇಲೆ ಬಿಡುವುದನ್ನು ಪರಿಶೀಲಿಸಲು ಪ್ರತಿ ರಾಜ್ಯದಲ್ಲೂ ಉನ್ನತ ಸಮಿತಿ ರಚಿಸುವಂತೆ ಸುಪ್ರೀಂ ಕೋರ್ಟ್ 2020ರ ಮಾರ್ಚ್ 23ರಂದು ಆದೇಶಿಸಿತು. ದಾವೆಗಳ ಕಾಲಮಿತಿಯನ್ನೂ ವಿಸ್ತರಿಸಿತು. ಆದರೆ ಆ ವಿಸ್ತರಣೆಯ ನೆಪ ಹೇಳಿ, ಆರೋಪಪಟ್ಟಿ ಸಲ್ಲಿಸದೆಯೇ ಆರೋಪಿಯನ್ನು ಒಳಗಿಡುವಂತಿಲ್ಲ ಎಂದು ಅದೇ ವರ್ಷದ ಜೂನ್ 19ರಂದು ಸ್ಪಷ್ಟಪಡಿಸಿತು. ತಂದೆ ಮಗನನ್ನು ಠಾಣೆಗೆ ಕರೆದೊಯ್ದ ದಿನವೇ ಈ ತೀರ್ಪು ಬಂದಿತ್ತು. ವ್ಯಕ್ತಿಯ ಸ್ವಾತಂತ್ರ್ಯ ಸಾಂಕ್ರಾಮಿಕದ ಕಾಲದಲ್ಲೂ ಸ್ವಾತಂತ್ರ್ಯವೇ ಎಂಬುದು ಅದರ ತಿರುಳು.

ನಮ್ಮ ಮೇಲೆ ಬಂದ ಆರೋಪ, ನಮ್ಮೊಳಗಿನ ತಪ್ಪು

2020ರ ಮಾರ್ಚ್ ಕೊನೆಯಲ್ಲಿ ದೆಹಲಿಯ ನಿಝಾಮುದ್ದೀನ್ ಮರ್ಕಝ್‌ನ ಸುದ್ದಿ ಬಂದ ಮೇಲೆ ಬಾವಿಗೆ ವಿಷ ಹಾಕಿದ ಹಳೆಯ ಕಥೆ ಹೊಸ ಬಟ್ಟೆ ತೊಟ್ಟು ಬಂದಿತು. ರೋಗಕ್ಕೆ ಧರ್ಮದ ಹೆಸರಿಟ್ಟರು, ತರಕಾರಿ ಮಾರುವವನ ಹೆಸರು ಕೇಳಿ ವ್ಯಾಪಾರ ಮಾಡಿದರು. ಮಾತು ಅಷ್ಟಕ್ಕೇ ನಿಲ್ಲದೆ ಪ್ರಕರಣಗಳಾದವು. ಆದರೆ ಈ ಬಾರಿ ನ್ಯಾಯಾಲಯಗಳು ಸಾಕ್ಷಿ ಕೇಳಿದವು. 2020ರ ಆಗಸ್ಟ್ 21ರಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ 29 ವಿದೇಶಿ ಜಮಾಅತಿನವರ ಮೇಲಿನ ಪ್ರಕರಣ ರದ್ದುಮಾಡಿತು. ಸಾಂಕ್ರಾಮಿಕ ಬಂದಾಗ ಸರ್ಕಾರಗಳು ಬಲಿಪಶು ಹುಡುಕುತ್ತವೆ, ಈ ವಿದೇಶಿಗಳನ್ನು ಹಾಗೆ ಆರಿಸಿಕೊಂಡಂತೆ ಕಾಣುತ್ತದೆ ಎಂಬ ಆಶಯದ ಮಾತು ಆ ತೀರ್ಪಿನಲ್ಲಿದೆ. ಅದೇ ಡಿಸೆಂಬರ್ 15ರಂದು ದೆಹಲಿಯ ನ್ಯಾಯಾಲಯ 36 ವಿದೇಶಿಯರನ್ನು ಖುಲಾಸೆಗೊಳಿಸಿತು. ವಿದೇಶಿಯರಿಗೆ ಆಶ್ರಯ ಕೊಟ್ಟರೆಂಬ 70 ಭಾರತೀಯರ ಮೇಲಿನ ಪ್ರಕರಣಗಳು 2025ರ ಜುಲೈ 17ರಂದು ದೆಹಲಿ ಹೈಕೋರ್ಟಿನಲ್ಲಿ ರದ್ದಾದವು. ಐದು ವರ್ಷ ಹಿಡಿಯಿತು. ಆರೋಪ ಹೊರಿಸಿದಾಗ ಇದ್ದ ಗದ್ದಲ ಖುಲಾಸೆಯ ದಿನ ಇರಲಿಲ್ಲ. ಆದ್ದರಿಂದ ಈ ತಾರೀಕುಗಳನ್ನು ನಮ್ಮ ಮಕ್ಕಳಿಗೆ ನಾವೇ ಹೇಳಬೇಕು.

ಇಷ್ಟು ಹೇಳಿದ ಬಾಯಿಂದಲೇ ಇನ್ನೊಂದನ್ನೂ ಹೇಳಬೇಕು. 2020ರ ಏಪ್ರಿಲ್ 19ರ ರಾತ್ರಿ ಬೆಂಗಳೂರಿನ ಪಾದರಾಯನಪುರದಲ್ಲಿ, ಸೋಂಕಿತರ ಸಂಪರ್ಕದಲ್ಲಿದ್ದವರನ್ನು ಕ್ವಾರಂಟೈನಿಗೆ ಒಯ್ಯಲು ಬಂದ ಸಿಬ್ಬಂದಿಯ ಎದುರು ಗುಂಪು ದಾಂಧಲೆ ಮಾಡಿತು. ಅದು ತಪ್ಪು. ಭಯವಿತ್ತು, ಗಾಳಿಸುದ್ದಿಯಿತ್ತು ಎಂಬುದು ನೆಪವಾಗಲಾರದು. ರೋಗಿಗಾಗಿ ಬಂದವರನ್ನು ಹೆದರಿಸುವುದನ್ನು ನಮ್ಮ ದೀನ್ ಒಪ್ಪುವುದಿಲ್ಲ. ಬಂಧಿತರನ್ನು ರಾಮನಗರದ ಜೈಲಿಗೆ ಒಯ್ದರು. ಅವರಲ್ಲಿ ಕೆಲವರಿಗೆ ಸೋಂಕಿರುವುದು ಗೊತ್ತಾಗಿ, ಮತ್ತೆ ಬೆಂಗಳೂರಿಗೆ, ಹಜ್ ಭವನಕ್ಕೆ ತಂದರು. ಒಂದೂ ಸೋಂಕಿಲ್ಲದ ಹಸಿರು ಜಿಲ್ಲೆಯ ಜೈಲಿಗೆ ಹೀಗೆ ರೋಗ ಹೋಗಿತ್ತು. ಗುಂಪಿನ ತಪ್ಪು ಹಾಗೂ ಆಡಳಿತದ ಅವಸರ ಎರಡೂ ಆ ಒಂದೇ ಘಟನೆಯಲ್ಲಿವೆ.

ಅದೇ ಏಪ್ರಿಲ್ 22ರಂದು ಕೇಂದ್ರ ಸರ್ಕಾರ 1897ರ ಕಾಯ್ದೆಗೆ ತಿದ್ದುಪಡಿ ತಂದು, ಆರೋಗ್ಯ ಸಿಬ್ಬಂದಿಯ ಮೇಲಿನ ಹಲ್ಲೆಯನ್ನು ಜಾಮೀನುರಹಿತ ಅಪರಾಧ ಮಾಡಿತು. ಮೂರು ತಿಂಗಳಿಂದ ಐದು ವರ್ಷ, ತೀವ್ರ ಗಾಯವಾದರೆ ಆರು ತಿಂಗಳಿಂದ ಏಳು ವರ್ಷದವರೆಗೆ ಸೆರೆವಾಸ. ಇದನ್ನು ನಮ್ಮ ಯುವಕರು ತಿಳಿದಿರಬೇಕು.

ಲೆಕ್ಕಕ್ಕೆ ಬಾರದ ಅಪರಾಧ

ಠಾಣೆಯ ಪುಸ್ತಕದಲ್ಲಿ ಬರೆದದ್ದೆಲ್ಲ ಅಪರಾಧವಲ್ಲ ಎಂದೆವು. ಅಪರಾಧವೆಲ್ಲ ಠಾಣೆಯ ಪುಸ್ತಕಕ್ಕೆ ಬರುವುದೂ ಇಲ್ಲ. 2020ರಲ್ಲಿ ಮಹಿಳೆಯರ ಮೇಲಿನ ಅಪರಾಧಗಳ ದಾಖಲೆ ಶೇ. 8.3ರಷ್ಟು ಇಳಿಯಿತು. ಆದರೆ ಅದೇ ತಿಂಗಳುಗಳಲ್ಲಿ ರಾಷ್ಟ್ರೀಯ ಮಹಿಳಾ ಆಯೋಗಕ್ಕೆ ಮನೆಯೊಳಗಿನ ಹಿಂಸೆಯ ದೂರುಗಳು ಹೆಚ್ಚಿ ಬಂದವು. ಹೊಡೆಯುವವನು ದಿನವಿಡೀ ಮನೆಯಲ್ಲೇ ಇದ್ದ. ತವರಿಗೆ ಹೋಗಲು ಬಸ್ಸಿರಲಿಲ್ಲ. ಠಾಣೆಗೆ ಹೋಗಲು ದಾರಿಯಿರಲಿಲ್ಲ. ದಾಖಲೆ ಇಳಿದದ್ದರಿಂದ ಹಿಂಸೆಯೂ ಇಳಿಯಿತೆಂದು ಹೇಳುವಂತಿಲ್ಲ.

ಬಾಲ್ಯವಿವಾಹದ್ದೂ ಇದೇ ಕಥೆ. ಶಾಲೆಗಳು ಮುಚ್ಚಿದ್ದವು, ಒಂದರಿಂದ ಐದನೆಯ ತರಗತಿಗಳು ರಾಜ್ಯದಲ್ಲಿ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಕೆಲಸವಿಲ್ಲದ ಮನೆಯಲ್ಲಿ ಬೆಳೆದ ಹುಡುಗಿ ಭಾರವಾಗಿ ಕಂಡಳು. ಹತ್ತು ಜನರನ್ನು ಕರೆದು ಮುಗಿಸಿದರೆ ಖರ್ಚೂ ಕಡಿಮೆ, ಯಾರಿಗೂ ಗೊತ್ತಾಗುವುದಿಲ್ಲ ಎಂಬ ಲೆಕ್ಕಾಚಾರ ಬೇರೆ. 2020ರಲ್ಲಿ ಬಾಲ್ಯವಿವಾಹ ನಿಷೇಧ ಕಾಯ್ದೆಯಡಿ ದೇಶದಲ್ಲಿ ದಾಖಲಾದ ಪ್ರಕರಣಗಳು 785. ಅದರಲ್ಲಿ 184 ಕರ್ನಾಟಕದವು, ರಾಜ್ಯಗಳಲ್ಲೇ ಹೆಚ್ಚು. ಇದು ಸಿಕ್ಕಿಬಿದ್ದವರ ಲೆಕ್ಕ ಮಾತ್ರ. ಈ ತಪ್ಪು ಯಾವುದೇ ಒಂದು ಸಮುದಾಯದ್ದಲ್ಲ, ಆದರೆ ನಮ್ಮಲ್ಲಿ ಇಲ್ಲವೆಂದು ಹೇಳುವ ಧೈರ್ಯ ನಮಗಿರಬಾರದು. ಕರ್ನಾಟಕದಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಎಂದು ರಾಜ್ಯದ ತಿದ್ದುಪಡಿ ಹೇಳುತ್ತದೆ. ಹದಿನೆಂಟರ ಕೆಳಗಿನ ಹೆಂಡತಿಯ ವಿಷಯದಲ್ಲಿ ಪೋಕ್ಸೋ ಕಾಯ್ದೆ ವೈಯಕ್ತಿಕ ಕಾನೂನಿಗಿಂತ ಮೇಲೆ ನಿಲ್ಲುತ್ತದೆ ಎಂದು 2022ರಲ್ಲಿ ನಮ್ಮ ಹೈಕೋರ್ಟ್ ಹೇಳಿದೆ. ನಿಕಾಹ್ ಓದುವ ಮುಂಚೆ ವಯಸ್ಸಿನ ದಾಖಲೆ ನೋಡುವುದು ಖಾಝಿಗೂ ಜಮಾಅತ್ ಕಮಿಟಿಗೂ ಹೊಣೆ. ಅದು ಆ ಹುಡುಗಿಯ ಅಮಾನತ್ತು.

ಬಾಕಿ ಉಳಿದ ಕೆಲಸ

ಹ. ಉಮರ್(ರ) ಶಾಮಿಗೆ ಮರಳಿ ಹೋಗಿ ಆಸ್ತಿ ಹಂಚಿದ ಮಾತಿಗೆ ಈಗ ಬರೋಣ. ಕೋವಿಡ್‌ನಲ್ಲಿ ಮನೆಯ ದುಡಿಯುವ ಗಂಡಸು ಹೋದ ಮನೆಗಳು ಪ್ರತಿ ಊರಿನಲ್ಲೂ ಇವೆ. ಸುಪ್ರೀಂ ಕೋರ್ಟಿನ ಆದೇಶದ ಮೇಲೆ ಮೃತರ ಕುಟುಂಬಕ್ಕೆ ತಲಾ 50,000 ರೂಪಾಯಿ ಬಂತು; ಬಡ ಕುಟುಂಬಗಳಿಗೆ ರಾಜ್ಯ ಸರ್ಕಾರ ಒಂದು ಲಕ್ಷ ಸೇರಿಸಿತು. ಆ ಹಣ ವಿಧವೆಯ ಕೈಗೆ ಬಂತೋ ಮೈದುನನ ಕೈಗೆ ಹೋಯಿತೋ? ಹೊಲದ ಪಹಣಿಯಲ್ಲಿ ಯಾರ ಹೆಸರು ಏರಿತು?

ಉಹುದ್ ಯುದ್ಧದಲ್ಲಿ ಹುತಾತ್ಮರಾದ ಹ. ಸಅದ್ ಬಿನ್ ರಬೀಅ್(ರ) ಅವರ ಪತ್ನಿ ಇದೇ ದೂರನ್ನು ಪ್ರವಾದಿ(ಸ)ಯವರ ಬಳಿಗೆ ತಂದರು. ಗಂಡನ ಸಹೋದರ ಎಲ್ಲವನ್ನೂ ತೆಗೆದುಕೊಂಡಿದ್ದ. ಪ್ರವಾದಿ(ಸ)ಯವರು ಇಬ್ಬರು ಹೆಣ್ಣುಮಕ್ಕಳಿಗೆ ಮೂರರಲ್ಲಿ ಎರಡು ಪಾಲು, ಪತ್ನಿಗೆ ಎಂಟನೆಯ ಒಂದು ಪಾಲು ಕೊಡಿಸಿ, ಉಳಿದದ್ದನ್ನು ಮಾತ್ರ ಸಹೋದರನಿಗೆ ಬಿಟ್ಟರು. ಮಕ್ಕಳಿದ್ದರೆ ಪತ್ನಿಗೆ ಎಂಟನೆಯ ಒಂದು, ಇಲ್ಲದಿದ್ದರೆ ನಾಲ್ಕನೆಯ ಒಂದು. ಹಂಚಿಕೆಗೆ ಮೊದಲು ಕಫನ್ ದಫನ್ ಖರ್ಚು ಮತ್ತು ಸಾಲ ತೀರಬೇಕು. ಕೊಡದೆ ಉಳಿದ ಮಹ್ರ್ ಕೂಡ ಸಾಲವೇ. ಅನಾಥರ ಸೊತ್ತು ತಿನ್ನುವವರು ಹೊಟ್ಟೆಗೆ ಬೆಂಕಿ ತುಂಬಿಕೊಳ್ಳುತ್ತಾರೆಂಬ ಎಚ್ಚರಿಕೆ ಅನ್ನಿಸಾ ಅಧ್ಯಾಯದಲ್ಲಿ ಈ ಪಾಲುಗಳ ವಿವರಕ್ಕೆ ತೀರಾ ಹತ್ತಿರದಲ್ಲೇ ಇದೆ.

ಇನ್ನೊಂದು ಬಾಕಿ, ಹಳೆಯ ಪ್ರಕರಣಗಳದ್ದು. ಲಾಕ್‌ಡೌನ್ ಕಾಲದಲ್ಲಿ ಹೆಸರು ಬರೆಸಿಕೊಂಡ ಎಷ್ಟೋ ಹುಡುಗರು ಅದನ್ನು ಮರೆತೇಬಿಟ್ಟಿರುತ್ತಾರೆ. ಪಾಸ್‌ಪೋರ್ಟಿಗೆ ಅರ್ಜಿ ಹಾಕಿ, ಪೊಲೀಸ್ ಪರಿಶೀಲನೆ ಬಂದಾಗ ನೆನಪಾಗುತ್ತದೆ. 188ನೆಯ ಕಲಮಿನ ಪ್ರಕರಣವನ್ನು ನ್ಯಾಯಾಲಯ ವಿಚಾರಣೆಗೆ ತೆಗೆದುಕೊಳ್ಳಬೇಕಾದರೆ ಸಂಬಂಧಪಟ್ಟ ಅಧಿಕಾರಿಯೇ ಲಿಖಿತ ದೂರು ಕೊಡಬೇಕೆಂದು ಕಾನೂನಿದೆ. ಅದಿಲ್ಲದ ಕಾರಣಕ್ಕೆ ಹೈಕೋರ್ಟುಗಳಲ್ಲಿ ರದ್ದಾದ ಪ್ರಕರಣಗಳಿವೆ. ಇದು ತಿಳಿಯದೆ ತಪ್ಪೊಪ್ಪಿಕೊಂಡು ದಂಡ ಕಟ್ಟಿದರೆ ಅದು ಶಿಕ್ಷೆಯಾಗಿಯೇ ದಾಖಲಾಗುತ್ತದೆ. ಬೇವೂರು ಠಾಣೆಯಲ್ಲೋ ಯಲಬುರ್ಗಾದ ನ್ಯಾಯಾಲಯದಲ್ಲೋ ಕೇಳಿ, ಪ್ರಕರಣ ಇದೆಯೇ ಮುಗಿದಿದೆಯೇ ಎಂದು ತಿಳಿದುಕೊಳ್ಳುವುದು ಜಾಣತನ. ವಕೀಲರ ಖರ್ಚಿಗೆ ಹಣವಿಲ್ಲದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯಿದೆ. ಮಹಿಳೆಯರಿಗೆ, ಮಕ್ಕಳಿಗೆ, ಬಂಧನದಲ್ಲಿರುವವರಿಗೆ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ. ಕಾನೂನು ನೆರವಿಗೆ 15100, ಮಕ್ಕಳಿಗೆ 1098, ಮಹಿಳೆಯರಿಗೆ 181. ಈ ಸಂಖ್ಯೆಗಳನ್ನು ಮಸೀದಿಯ ಫಲಕದ ಮೇಲೆ ಬರೆದು ಹಾಕಿದರೆ ಅದೂ ಸದಕಾವೇ.

ಕಾನೂನು ಈಗ ಹೊಸ ಹೆಸರಿನಲ್ಲಿದೆ. 2024ರ ಜುಲೈ 1ರಿಂದ 188ನೆಯ ಕಲಮಿನ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆಯ 223ನೆಯ ಕಲಮು ಬಂದಿದೆ. ಮೊದಲು ಒಂದು ತಿಂಗಳಿದ್ದ ಸೆರೆವಾಸ ಆರು ತಿಂಗಳವರೆಗೆ ಏರಿದೆ. ಜೀವಕ್ಕೆ ಅಪಾಯ ತರುವಂತಿದ್ದರೆ ಆರು ತಿಂಗಳಿದ್ದದ್ದು ಒಂದು ವರ್ಷದವರೆಗೆ. ಮುಂದೆ ಇನ್ನೊಂದು ಪಿಡುಗು ಬಂದರೆ ಹಿಡಿಯುವ ಕೈ ಮೊದಲಿಗಿಂತ ಬಿಗಿಯಾಗಿರುತ್ತದೆ. ಆಗಲೂ ನಾವು ಮನೆಯಲ್ಲೇ ಇರೋಣ, ವೈದ್ಯರ ಮಾತು ಕೇಳೋಣ, ಸರ್ಗ್‌ನ ಪಾಠವನ್ನು ಪಾಲಿಸೋಣ. ಅದರ ಜೊತೆಗೆ ಬೂದಿಯ ವರ್ಷದ ಪಾಠವನ್ನೂ ನೆನಪಿಡೋಣ: ಹಸಿದವನನ್ನು ಕಳ್ಳನೆನ್ನುವ ಮೊದಲು ಅವನ ಮನೆಗೆ ಹಿಟ್ಟು ಹೋಗಿದೆಯೇ ಎಂದು ನೋಡಬೇಕು.

ಸತ್ತವರ ಪಾಲು ಹಂಚುವ ಕೆಲಸಕ್ಕಂತೂ ಇನ್ನೊಂದು ಪಿಡುಗು ಬರುವವರೆಗೆ ಕಾಯಬೇಕಿಲ್ಲ. ಈ ಜುಮಾ ನಮಾಝಿನ ಬಳಿಕ ಜಮಾಅತ್‌ನ ಹಿರಿಯರು ಕುಳಿತು, 2020 ಮತ್ತು 2021ರಲ್ಲಿ ನಮ್ಮ ಮಹಲ್ಲಾದಲ್ಲಿ ಹೋದವರ ಪಟ್ಟಿ ಬರೆದು, ಅವರ ಹೆಂಡತಿ ಮಕ್ಕಳಿಗೆ ಪಾಲು ಸೇರಿದೆಯೇ ಎಂದು ಒಂದೊಂದು ಮನೆಯನ್ನೂ ಕೇಳಲಿ. ಅಲ್ಲಾಹನು ಆ ದಿನಗಳಲ್ಲಿ ಮಡಿದವರಿಗೆ ಮಗ್‌ಫಿರತ್ ನೀಡಲಿ, ಬದುಕಿರುವ ನಮಗೆ ನ್ಯಾಯದ ಮೇಲೆ ನಿಲ್ಲುವ ಶಕ್ತಿ ಕೊಡಲಿ. ಆಮೀನ್.